ಸಾವನದುರ್ಗಕ್ಕೆ ಐದು ವ್ಯಾಟಿನ ಪಯಣ

ಜಯನಗರದ ನಮ್ಮ ಮನೆಯ ತಾರಸಿಯ ಮೇಲೆ ನಿಂತು ನೇರ ಪಶ್ಚಿಮಕ್ಕೆ ಮುಖ ಮಾಡಿದರೆ ನೀರಿನ ತೊಟ್ಟಿಗಳು, ತೆಂಗಿನ ಮರದ ತಲೆಗಳು, ದಿನದಿನಕ್ಕೂ ಬೆಳೆಯುತ್ತಿರುವ ಬಹುಮಹಡಿಯ ಕಟ್ಟಡಗಳು, ಇವಿಷ್ಟೇ ಕಣ್ಣಿಗೆ ಬೀಳುತ್ತವೆ. ಇವೆಲ್ಲವುಗಳ ಆಚೆ, ಭೂಪಟದ ಮೇಲೆ ಅಡ್ಡಗೆರೆ ಎಳೆದು ಅಳೆದರೆ ಸುಮಾರು 32 ಕಿಲೋಮೀಟರ್ ದೂರದಲ್ಲಿ, ಮಾಗಡಿ ಸೀಮೆಯ ಸಾವನದುರ್ಗ ತನ್ನ ಬೋಳು ಬಂಡೆಯ ಮೈಯನ್ನು ಬಿಸಿಲಿಗೊಡ್ಡಿ ಕುಳಿತಿದೆ. ಸಮುದ್ರ ಮಟ್ಟದಿಂದ ಅದರ ಎತ್ತರ 1226 ಮೀಟರ್. ಬರುವ ಭಾನುವಾರ ಆ ಬೆಟ್ಟದ ನೆತ್ತಿಯನ್ನು ಏರಿ, ಅಲ್ಲಿಂದ ಜಯನಗರದಲ್ಲಿರುವ ಒಬ್ಬ ಹಿರಿಯರೊಡನೆ ಮಾತನಾಡಬೇಕೆಂದು ನಾನು ಸಂಕಲ್ಪ ಮಾಡಿದ್ದೇನೆ.

“ಅದೇನು ಮಹಾ ಸಾಹಸ? ಜೇಬಿನಲ್ಲಿ ಮೊಬೈಲ್ ಫೋನು ಇಲ್ಲವೇ?” ಎಂದು ನೀವು ಕೇಳಬಹುದು. ನನ್ನ ಮನೆಯಾಕೆ ಮೊದಲು ಕೇಳಿದ್ದೂ ಇದನ್ನೇ. ಆದರೆ ಫೋನಿನ ಮಾತು ಯಾರೋ ನೆಟ್ಟ ಗೋಪುರವನ್ನು ಹಿಡಿದು, ಯಾರೋ ಹೂತ ತಂತಿಯಲ್ಲಿ ಹರಿದು ಬರುವಂಥದು. ನಾನು ಆಡಬೇಕೆಂದಿರುವ ಮಾತು ನಾನೇ ಹೊತ್ತೊಯ್ದ ಯಂತ್ರದಿಂದ, ನಾನೇ ಕತ್ತರಿಸಿ ಕಟ್ಟಿದ ತಂತಿಯಿಂದ ಹೊರಟು, ನಡುವೆ ಯಾವ ಆಸರೆಯೂ ಇಲ್ಲದೆ ಕೇಳುವವರ ಕಿವಿಯನ್ನು ಮುಟ್ಟಬೇಕು. ಅದಕ್ಕೆ ನಾನು ಕೊಡಬಲ್ಲ ಶಕ್ತಿ 5 ವ್ಯಾಟ್. ಮಲಗುವ ಕೋಣೆಯಲ್ಲಿ ಉರಿಯುವ ಇರುಳು ದೀಪಕ್ಕೆ ಬೇಕಾಗುವಷ್ಟು.

ಆ ಹಿರಿಯರು ನಮ್ಮ ಬೀದಿಯ ಮಕ್ಕಳಿಗೆಲ್ಲ ‘ರೇಡಿಯೋ ತಾತ’, ನನಗೆ ಮೇಷ್ಟ್ರು. ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಏನು ಮಾಡಲೂ ತೋಚದೆ ಕುಳಿತಿದ್ದ ನನಗೆ, 60ನೆಯ ವಯಸ್ಸಿನಲ್ಲಿ ಓಮನ ನಿಯಮವನ್ನು ಕಲಿಸಿ ಪರೀಕ್ಷೆಗೆ ಕೂಡಿಸಿದವರು ಅವರೇ. ವಯಸ್ಸು ಎಂಬತ್ತನ್ನು ದಾಟಿದೆ. ಮೊಳಕಾಲಿನ ನೋವಿನಿಂದ ಈಗ ತಾರಸಿಯ ಮೆಟ್ಟಿಲನ್ನೂ ಎಣಿಸಿ ಎಣಿಸಿ ಹತ್ತುತ್ತಾರೆ. ಅವರು ಬೆಟ್ಟದಿಂದ ಮಾತನಾಡಬೇಕೆಂದು ಯೌವನದಲ್ಲಿ ಒಮ್ಮೆ ಹೊರಟಿದ್ದರಂತೆ. ಕಾರಿನ ಬ್ಯಾಟರಿಯೊಂದನ್ನು ಇಬ್ಬರು ಗೆಳೆಯರು ಕೋಲಿಗೆ ಕಟ್ಟಿ ಹೊತ್ತರು; ಇವರು ಪೆಟ್ಟಿಗೆಯನ್ನು ಹೊತ್ತರು. ತುದಿಯನ್ನು ಮುಟ್ಟಿ ಎಲ್ಲವನ್ನೂ ಜೋಡಿಸಿ ನೋಡಿದರೆ ಗ್ರಾಹಕದಲ್ಲಿ ದನಿಯಿಲ್ಲ. ದಾರಿಯಲ್ಲಿ ಎಲ್ಲಿಯೋ ತಂತಿಯ ಬೆಸುಗೆಯೊಂದು ಕಿತ್ತುಹೋಗಿತ್ತು. ಮತ್ತೆ ಬೆಸೆಯಲು ಬೇಕಾದದ್ದು ಮನೆಯಲ್ಲಿತ್ತು. “ಹತ್ತುವಾಗ ಬಾಯಿ ತುಂಬ ಮಾತಿತ್ತಯ್ಯಾ, ಇಳಿಯುವಾಗ ಮೂಕನಾಗಿ ಇಳಿದೆ” ಎಂದು ಅವರು ಹೇಳುವಾಗ ಈಗಲೂ ಮುಖ ಸಣ್ಣದಾಗುತ್ತದೆ. ಆಮೇಲೆ ಸಂಸಾರ, ವರ್ಗಾವಣೆ, ಕೊನೆಗೆ ಮೊಳಕಾಲು. ಬೆಟ್ಟ ಹಾಗೆಯೇ ಉಳಿಯಿತು.

ಹೀಗಾಗಿ ನನ್ನ ಪಯಣಕ್ಕಿಂತ ಅದರ ಸಿದ್ಧತೆಯ ಬಗ್ಗೆಯೇ ಮೇಷ್ಟ್ರಿಗೆ ಹೆಚ್ಚು ಕಳವಳ. ಕಳೆದ ಮೂರು ತಿಂಗಳಲ್ಲಿ ಅವರು ನನಗೆ ಕಲಿಸಿದ್ದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಹವ್ಯಾಸಿ ಎಂದರೆ ಯಾರು?

ಹಣದ ಆಸೆಯಿಲ್ಲದೆ, ಸ್ವಂತ ಕುತೂಹಲದಿಂದ ನಿಸ್ತಂತು ವಿದ್ಯೆಯನ್ನು ಅಭ್ಯಾಸ ಮಾಡುವವನೇ ಹವ್ಯಾಸಿ ರೇಡಿಯೋಗಾರ. ಲೋಕದ ಬಳಕೆಯ ಮಾತಿನಲ್ಲಿ ‘ಹ್ಯಾಮ್’. ಇವನು ಹಾಡನ್ನು ಬಿತ್ತರಿಸಕೂಡದು, ವ್ಯಾಪಾರದ ಮಾತನ್ನು ಆಡಕೂಡದು. ನಮ್ಮ ದೇಶದಲ್ಲಿ 12 ವರ್ಷ ತುಂಬಿದ ಯಾರೇ ಆಗಲಿ ರೇಡಿಯೋ ತತ್ತ್ವ ಮತ್ತು ನಿಯಮಾವಳಿಗಳಲ್ಲಿ ಪರೀಕ್ಷೆ ಕೊಟ್ಟು, ಕೇಂದ್ರ ಸರಕಾರದ ಸಂಪರ್ಕ ಇಲಾಖೆಯಿಂದ ಪರವಾನಗಿ ಪಡೆಯಬಹುದು. ಮೋರ್ಸ್ ಲಿಪಿಯ ಪರೀಕ್ಷೆಯಿಲ್ಲದ ಕೆಳದರ್ಜೆಯೂ ಉಂಟು, ನನ್ನದು ಅದು. ತೇರ್ಗಡೆಯಾದವನಿಗೆ ‘ವಿಯು’ ಎಂದು ಮೊದಲಾಗುವ ಒಂದು ಕರೆಸಂಕೇತವನ್ನು ಕೊಡುತ್ತಾರೆ. ಅಂದಿನಿಂದ ಆಕಾಶದಲ್ಲಿ ಅವನ ಹೆಸರು ಅದೇ.

ಈ ಹವ್ಯಾಸಕ್ಕೂ ಕನ್ನಡನಾಡಿಗೂ ಹಳೆಯ ನಂಟು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರೇಷಕವನ್ನು ಇಟ್ಟು ಬಾನುಲಿ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಆ ಕೇಂದ್ರಕ್ಕಾಗಿ. ಭಾರತದ ಹವ್ಯಾಸಿಗಳ ಸಂಘ ಸ್ಥಾಪನೆಯಾದದ್ದು 1948ರಲ್ಲಿ. ನಮ್ಮ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದದ್ದೂ ಅದೇ ವರ್ಷ. 2005ರ ಮೇ 5ರಂದು ಇಸ್ರೋ ಸಂಸ್ಥೆ ಹವ್ಯಾಸಿಗಳಿಗೆಂದೇ ‘ಹ್ಯಾಮ್‌ಸ್ಯಾಟ್’ ಎಂಬ 42.5 ಕಿಲೋ ತೂಕದ ಉಪಗ್ರಹವನ್ನು ಹಾರಿಸಿತು. ಅದು 2014ರವರೆಗೆ ಲೋಕದ ಹವ್ಯಾಸಿಗಳ ಮಾತನ್ನು ಹೊತ್ತು ಸುತ್ತಿತು.

ನಗರದ ಗದ್ದಲ

ಮನೆಯಲ್ಲಿಯೇ ಕುಳಿತು ಮಾತನಾಡುವುದನ್ನು ಬಿಟ್ಟು ಬೆಟ್ಟಕ್ಕೇಕೆ ಹೋಗಬೇಕು? ಕಾರಣ ಎರಡು. ಮೊದಲನೆಯದು, ನಾವು ಕಿವಿಯಿಂದ ಕೇಳಲಾಗದ ಒಂದು ಗದ್ದಲ.

ಇಂದು ಜಯನಗರದ ಪ್ರತಿಯೊಂದು ಮನೆಯಲ್ಲಿಯೂ ಎಲ್‌ಇಡಿ ದೀಪಗಳು, ಫೋನಿನ ಚಾರ್ಜರುಗಳು, ಯುಪಿಎಸ್ ಪೆಟ್ಟಿಗೆಗಳು ತುಂಬಿವೆ. ಇವು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸಿ ಕೆಲಸ ಮಾಡುವಂಥವು. ಹಾಗೆ ಕಡಿಯುವಾಗಲೆಲ್ಲ ರೇಡಿಯೋ ತರಂಗಗಳ ಧೂಳೊಂದು ಮೇಲೇಳುತ್ತದೆ. ನನ್ನ ಗ್ರಾಹಕದ ಮಾಪಕದಲ್ಲಿ, ಯಾರೂ ಮಾತನಾಡದೆ ಇರುವಾಗಲೂ, ಮುಳ್ಳು 7ರ ಗುರುತಿನ ಮೇಲೆ ನಿಂತಿರುತ್ತದೆ. ದೂರದಿಂದ ಬಂದ ಸಣ್ಣ ದನಿ ಅದರೊಳಗೆ ಮುಳುಗಿಹೋಗುವುದರಲ್ಲಿ ಆಶ್ಚರ್ಯವೇನಿದೆ? ಒಮ್ಮೆ ಮೇಷ್ಟ್ರ ಸಲಹೆಯಂತೆ ಪೆಟ್ಟಿಗೆಯನ್ನು ಮಾಗಡಿ ರಸ್ತೆಯ ಆಚೆ, ಊರುಗಳಿಂದ ದೂರವಾದ ಹೊಲದ ಬದುವಿನ ಮೇಲಿಟ್ಟು ನೋಡಿದೆ. ಮುಳ್ಳು 2ಕ್ಕೆ ಇಳಿಯಿತು. ಈ ಮಾಪಕದಲ್ಲಿ ಒಂದೊಂದು ಗೀಟೂ ನಾಲ್ಕು ಪಟ್ಟು ಶಕ್ತಿಗೆ ಸಮ. ಐದು ಗೀಟು ಇಳಿಯಿತೆಂದರೆ ಗದ್ದಲ ಸಾವಿರದಲ್ಲಿ ಒಂದು ಪಾಲಾಯಿತೆಂದು ಲೆಕ್ಕ. ಅಂದು ಆ ಬದುವಿನ ಮೇಲೆ ಕುಳಿತು, ಹೈದರಾಬಾದಿನವರೊಬ್ಬರು ಚೆನ್ನೈನವರೊಡನೆ ತಮ್ಮ ಮೊಮ್ಮಗನ ನಾಮಕರಣದ ವಿಷಯ ಹೇಳುತ್ತಿದ್ದುದನ್ನು ಪಕ್ಕದ ಮನೆಯ ಮಾತಿನಷ್ಟು ಸ್ಪಷ್ಟವಾಗಿ ಕೇಳಿದೆ.

ಎತ್ತರದ ಮಹಿಮೆ

ಎರಡನೆಯ ಕಾರಣ ಎತ್ತರ. 145 ಮೆಗಾಹರ್ಟ್ಸ್ ಸುಮಾರಿನ ತರಂಗಗಳು ಬಹುಮಟ್ಟಿಗೆ ನೇರವಾಗಿ, ಕಣ್ಣಿನ ನೋಟದಂತೆ ಸಾಗುವಂಥವು. ಭೂಮಿ ಬಾಗಿದ ಕಡೆ ಅವು ಬಾಗುವುದು ಸ್ವಲ್ಪವೇ. ಬಯಲಿನಲ್ಲಿ ನಿಂತವನ ಕೈಯಲ್ಲಿರುವ ಸಣ್ಣ ಯಂತ್ರಕ್ಕೆ ದಿಗಂತ ಸುಮಾರು 5 ಕಿಲೋಮೀಟರ್ ಅಷ್ಟೇ. ಅದೇ ಯಂತ್ರವನ್ನು 300 ಮೀಟರ್ ಮೇಲಕ್ಕೆ ಒಯ್ದರೆ ದಿಗಂತ ಸುಮಾರು 70 ಕಿಲೋಮೀಟರಿಗೆ ಸರಿಯುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ, ಸಾವನದುರ್ಗದ ನೆತ್ತಿ ನಮ್ಮ ತಾರಸಿಗಿಂತ ಅಷ್ಟೇ ಮೇಲಿದೆ. 32 ಕಿಲೋಮೀಟರ್ ದೂರದ ಜಯನಗರ ಆ ದಿಗಂತದ ಒಳಗೇ ಬಂತು. ಕಟ್ಟಡಗಳು ಅಡ್ಡ ನಿಲ್ಲದಿದ್ದರೆ ಮೇಷ್ಟ್ರಿಗೆ ನನ್ನ ದನಿ ಕೇಳಲೇಬೇಕು.

ಇನ್ನೂ ದೂರದವರಿಗಾಗಿ ಬೇರೆ ತರಂಗಗಳಿವೆ. 7 ಮತ್ತು 14 ಮೆಗಾಹರ್ಟ್ಸ್ ಸುಮಾರಿನವು ಮೇಲಕ್ಕೆ ಹೋಗಿ, ಭೂಮಿಯಿಂದ ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳದಲ್ಲಿ ಬಾಗಿ, ಮತ್ತೆ ನೆಲಕ್ಕೆ ಇಳಿಯುತ್ತವೆ. ಬೆಳಗಿನ ಹೊತ್ತು 7ರಲ್ಲಿ ಹುಬ್ಬಳ್ಳಿ, ಹೈದರಾಬಾದುಗಳು ಸಿಕ್ಕುವುದುಂಟು. ಬಿಸಿಲೇರಿದಂತೆ ಅಯಾನುಗೋಳದ ಕೆಳಪದರ 7ರ ತರಂಗವನ್ನು ಹೀರತೊಡಗುತ್ತದೆ. ಆಗ 14ಕ್ಕೆ ಹೋದವನಿಗೆ ಸಾವಿರಾರು ಕಿಲೋಮೀಟರ್ ದೂರದ ಪರದೇಶದವರು ಕೇಳಬಹುದು.

ಬೆಟ್ಟಗಳನ್ನು ಸುದ್ದಿಗಾಗಿ ಬಳಸುವುದು ಹೊಸದೇನೂ ಅಲ್ಲ. ಮಾಗಡಿಯ ಕೆಂಪೇಗೌಡನ ವಂಶದವರು ಈ ದುರ್ಗವನ್ನು ಕಾದುಕೊಂಡಿದ್ದ ಕಾಲದಲ್ಲಿಯೂ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕೈಯಿಂದ ಇದನ್ನು ಕಿತ್ತುಕೊಂಡಾಗಲೂ, ಮೇಲೆ ನಿಂತವನಿಗೆ ಸುತ್ತಣ ಸೀಮೆಯೆಲ್ಲ ಕಾಣುತ್ತದೆಂಬುದೇ ಇದರ ಬೆಲೆಯಾಗಿತ್ತು.

ಹೊರೆ ಇಳಿಸುವ ಪಾಠ

ಮೊದಲ ಸಲ ನಾನು ಚೀಲ ತುಂಬಿದಾಗ, ಅದನ್ನು ಹೊತ್ತು ತೂಕದ ಯಂತ್ರದ ಮೇಲೆ ನಿಂತು ನನ್ನ ಭಾರವನ್ನು ಕಳೆದು ನೋಡಿದರೆ 14 ಕಿಲೋ! ಮೇಷ್ಟ್ರು ಚೀಲವನ್ನು ಜಮಖಾನದ ಮೇಲೆ ಸುರಿಸಿ, ಒಂದೊಂದನ್ನೇ ಎತ್ತಿ ಹಿಡಿದು, “ಇದು ಇಲ್ಲದಿದ್ದರೆ ಮಾತು ನಿಲ್ಲುತ್ತದೆಯೇ?” ಎಂದು ಕೇಳಿದರು. ಮಡಿಸುವ ಕುರ್ಚಿ ಹೊರಗಾಯಿತು. ಎರಡು ಪುಸ್ತಕಗಳು ಹೊರಗಾದವು. ಎರಡನೆಯ ಪೆಟ್ಟಿಗೆಯೂ ಹೊರಗಾಯಿತು.

ಎಲ್ಲಕ್ಕಿಂತ ದೊಡ್ಡ ಭಾರ ಬ್ಯಾಟರಿಯದು. ಮನೆಯಲ್ಲಿದ್ದ ಸೀಸದ ಬ್ಯಾಟರಿ 2 ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಎಷ್ಟು ಬೇಕೆಂದು ಲೆಕ್ಕ ಹಾಕಿದೆವು. ನನ್ನ ಪೆಟ್ಟಿಗೆ ಕೇಳುವಾಗ 0.4 ಆಂಪೇರ್, ಮಾತನಾಡುವಾಗ 2 ಆಂಪೇರ್ ವಿದ್ಯುತ್ತನ್ನು ಸೆಳೆಯುತ್ತದೆ. ನಾಲ್ಕರಲ್ಲಿ ಒಂದು ಪಾಲು ಹೊತ್ತು ಮಾತು, ಉಳಿದದ್ದು ಕೇಳುವುದು ಎಂದಿಟ್ಟುಕೊಂಡರೆ ಸರಾಸರಿ 0.8 ಆಂಪೇರ್ ಆಯಿತು. ಎರಡು ಗಂಟೆಗೆ 1.6, ಎರಡರಷ್ಟು ಎಂದರೂ 3.2 ಆಂಪೇರ್-ಗಂಟೆ. ಹೀಗಾಗಿ ಸದರ್ ಪತ್ರಪ್ಪ ರಸ್ತೆಯ ಅಂಗಡಿ ಸಾಲನ್ನು ಒಂದು ಮಧ್ಯಾಹ್ನವೆಲ್ಲ ಅಲೆದು, ಸುಮಾರು 600 ಗ್ರಾಂ ತೂಗುವ ಲಿಥಿಯಂ ಬ್ಯಾಟರಿಯೊಂದನ್ನು ತಂದೆ. ಬ್ಯಾಟರಿಯ ತಂತಿಗೆ ಫ್ಯೂಸನ್ನು ಹಾಕಿಸದೆ ಮೇಷ್ಟ್ರು ಬಿಡಲಿಲ್ಲ.

ಏರಿಯಲ್ ಮಾತ್ರ ಕೈಯಾರೆ ಮಾಡಿದ್ದು. ತರಂಗದ ಅರ್ಧದಷ್ಟು ಉದ್ದದ ತಂತಿಯನ್ನು ನಡುವೆ ಕತ್ತರಿಸಿ ಎರಡು ತೋಳುಗಳನ್ನಾಗಿ ಮಾಡಬೇಕು. 7.1 ಮೆಗಾಹರ್ಟ್ಸಿಗೆ ಒಂದೊಂದು ತೋಳು ಸುಮಾರು 10 ಮೀಟರ್, 14.2ಕ್ಕೆ ಅದರ ಅರ್ಧ. ಆದ್ದರಿಂದ ತೋಳಿನ ನಟ್ಟನಡುವೆ ಒಂದು ಕೊಂಡಿಯನ್ನಿಟ್ಟರೆ, ಕೊಂಡಿ ಹಾಕಿದಾಗ 7, ಬಿಚ್ಚಿದಾಗ 14. ತಂತಿಯನ್ನು ಮೊದಲು ಗೇಣುದ್ದ ಹೆಚ್ಚಾಗಿಯೇ ಕತ್ತರಿಸಿ, ಮಾಪಕದಿಂದ ನೋಡುತ್ತ ಸ್ವಲ್ಪಸ್ವಲ್ಪವಾಗಿ ಮೊಟಕು ಮಾಡಬೇಕು. ಅಳತೆ ತಪ್ಪಿದರೆ ಪ್ರೇಷಕ ಕೊಟ್ಟ ಶಕ್ತಿ ಹೊರಗೆ ಹೋಗದೆ ಹಿಂದಿರುಗುತ್ತದೆ. ಒಂದರೊಳಗೊಂದು ಸೇರುವ 6 ಮೀಟರಿನ ಹಗುರವಾದ ಕೋಲನ್ನು ನಿಲ್ಲಿಸಿ ನಡುವನ್ನು ಅದರ ತುದಿಗೆ ಕಟ್ಟಿದರೆ, ಇಳಿಜಾರಾಗಿ ಎಳೆದ ಎರಡು ತೋಳುಗಳೇ ಕೋಲನ್ನು ಹಿಡಿದು ನಿಲ್ಲಿಸುತ್ತವೆ. ಬಂಡೆಯಲ್ಲಿ ಗೂಟ ಹೊಡೆಯಲಾಗದು; ದಾರವನ್ನು ಬಿಡಿಗಲ್ಲುಗಳಿಗೆ ಕಟ್ಟಬೇಕು.

2002ರ ಮಾರ್ಚ್ 2ರಂದು ಬ್ರಿಟನ್ನಿನಲ್ಲಿ ‘ಸಮಿಟ್ಸ್ ಆನ್ ದಿ ಏರ್’ ಎಂಬ ಹೆಸರಿನಿಂದ ಪರ್ವತ ಶಿಖರಗಳ ಹವ್ಯಾಸಿ ಕಾರ್ಯಕ್ರಮವೊಂದು ಆರಂಭವಾಗಿ ಅನೇಕ ದೇಶಗಳಿಗೆ ಹರಡಿದೆ. ಅದರ ನಿಯಮಗಳು ಕಟ್ಟುನಿಟ್ಟು. ವಾಹನದಲ್ಲಿ ಕುಳಿತು ಮಾತನಾಡುವಂತಿಲ್ಲ. ಎಣ್ಣೆಯಿಂದ ಓಡುವ ಜನರೇಟರು ಕೂಡದು. ಊರಿನ ವಿದ್ಯುತ್ತೂ ಕೂಡದು. ಸಲಕರಣೆಯನ್ನು ಹೊತ್ತೇ ಒಯ್ಯಬೇಕು. ಶಿಖರದಿಂದ ಕೆಳಕ್ಕೆ 25 ಮೀಟರಿನ ಎತ್ತರದೊಳಗೇ ಇರಬೇಕು. ಅಂಕ ಬೇಕಾದರೆ ಕನಿಷ್ಠ ನಾಲ್ಕು ಬೇರೆಬೇರೆ ನಿಲಯಗಳೊಡನೆ ಮಾತುಕತೆ ಆಗಬೇಕು. ನಾನು ಅಂಕಕ್ಕಾಗಿ ಹೋಗುತ್ತಿಲ್ಲ. ಆದರೂ ಈ ನಿಯಮಗಳನ್ನು ಪಾಲಿಸಬೇಕೆಂದು ಮೇಷ್ಟ್ರ ಆಜ್ಞೆ.

ಅವರ ಹಟಕ್ಕೆ ಕಾರಣವುಂಟು. 2004ರ ಡಿಸೆಂಬರಿನಲ್ಲಿ ಭಾರತೀ ಪ್ರಸಾದ್ ಎಂಬ ಮಹಿಳೆ ಮತ್ತು ಅವರ ಸಂಗಡಿಗರು ಹವ್ಯಾಸದ ಸಲುವಾಗಿ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. 26ರಂದು ಸುನಾಮಿ ಅಪ್ಪಳಿಸಿ ದೂರವಾಣಿಗಳು ಸತ್ತುಹೋದಾಗ, ಅವರ ಪೆಟ್ಟಿಗೆಯೇ ದ್ವೀಪದ ಜನರ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. “ಆಟಕ್ಕೆಂದು ಒಯ್ದದ್ದು ಅಂದು ಅನ್ನದಷ್ಟು ಮುಖ್ಯವಾಯಿತು. ನಿನ್ನ ಕಾಲ ಮೇಲೆ ನಿಂತು, ನಿನ್ನ ಬ್ಯಾಟರಿಯಿಂದ, ಸಿಕ್ಕ ಜಾಗದಲ್ಲಿ ಮಾತನಾಡಲು ಬಂದರೆ ಮಾತ್ರ ನೀನು ಹ್ಯಾಮ್” ಎನ್ನುತ್ತಾರೆ ಮೇಷ್ಟ್ರು.

ತಾರಸಿಯೇ ಶಿಖರ

ಎಲ್ಲವೂ ಸಿದ್ಧವಾಯಿತೆಂದು ನಾನು ಬೀಗುತ್ತಿದ್ದಾಗ ಮೇಷ್ಟ್ರು ಒಂದು ಪರೀಕ್ಷೆಯನ್ನು ಒಡ್ಡಿದರು. ಬೆಳಗಿನ ಜಾವ ಚೀಲ ಹೊತ್ತು ತಾರಸಿಗೆ ಹತ್ತಬೇಕು. ಅದೇ ಶಿಖರವೆಂದು ಭಾವಿಸಬೇಕು. ಮಾತುಕತೆ ಮುಗಿಯುವವರೆಗೆ ಕೆಳಗೆ ಇಳಿಯಕೂಡದು. ಮನೆಯವರು ಏನನ್ನೂ ತಂದುಕೊಡಕೂಡದು.

ಮೊದಲ ದಿನ ಅರ್ಧ ಗಂಟೆಯಲ್ಲಿ ಸೋತೆ. ಕೋಲು ನಿಂತಿತು, ತಂತಿ ಹರಡಿತು. ಆದರೆ ಏರಿಯಲ್ಲಿನ ಕೇಬಲ್ಲನ್ನು ಪೆಟ್ಟಿಗೆಗೆ ಸೇರಿಸುವ ಹೆಬ್ಬೆರಳಿನ ಗಾತ್ರದ ಜೋಡಣೆ ಕೆಳಗೆ ಮೇಜಿನ ಮೇಲೆ ಉಳಿದಿತ್ತು. ಎರಡನೆಯ ದಿನ ಜೋಡಣೆಯಿತ್ತು, ಪೆನ್ಸಿಲ್ ಇರಲಿಲ್ಲ. ಯಾರೊಡನೆ, ಯಾವ ಹೊತ್ತಿನಲ್ಲಿ, ಯಾವ ಕಂಪನಾಂಕದಲ್ಲಿ ಮಾತಾಯಿತೆಂದು ಬರೆದಿಡದ ಹವ್ಯಾಸಿಯ ಮಾತಿಗೆ ಬೆಲೆಯಿಲ್ಲ. ಮನೆಯಾಕೆ ಮೆಟ್ಟಿಲ ಮೇಲೆ ನಿಂತು ಪೆನ್ಸಿಲ್ಲನ್ನು ತೋರಿಸಿ, “ತರಲೇ, ಬೇಡವೇ?” ಎಂದು ನಗುತ್ತಿದ್ದಳು. ಮೂರನೆಯ ದಿನ ಏನನ್ನೂ ಮರೆತಿರಲಿಲ್ಲ. ಆದರೆ ಮಾತನಾಡಬೇಕಾದಾಗ ನನ್ನ ಕರೆಸಂಕೇತವನ್ನೇ ತೊದಲಿದೆ. ಆಮೇಲೆ ಅದನ್ನು ಸ್ನಾನ ಮಾಡುವಾಗಲೂ ತರಕಾರಿ ತರುವಾಗಲೂ ಹೇಳಿಕೊಂಡು ರೂಢಿ ಮಾಡಿದೆ. ಆರನೆಯ ದಿನ, ಚೀಲ ಬಿಚ್ಚಿದ 14 ನಿಮಿಷಗಳಲ್ಲಿ ಮೊದಲ ಕರೆ ಹೋಯಿತು. ಈಗ ಚೀಲದ ಮುಚ್ಚಳದ ಒಳಗೆ ಪಟ್ಟಿಯೊಂದನ್ನು ಅಂಟಿಸಿದ್ದೇನೆ. ಪ್ರತಿಯೊಂದು ಸಾಲೂ ಒಂದೊಂದು ಸೋಲಿನ ಫಲ.

ಬೆಟ್ಟದ ಮರ್ಯಾದೆ

ಯಂತ್ರ ಸಿದ್ಧವಾದರೆ ಸಾಲದು, ಮನುಷ್ಯನೂ ಸಿದ್ಧನಾಗಬೇಕು. ಸಾವನದುರ್ಗ ಏಕಶಿಲೆಯ ಬೆಟ್ಟವೆಂದು ಹೆಸರಾದದ್ದು. ಏರುದಾರಿ ಬಹುಪಾಲು ಇಳಿಜಾರಾದ ಬರಿ ಬಂಡೆ. ಮಳೆ ಬಿದ್ದರೆ ಜಾರುತ್ತದೆ, ಬಿಸಿಲೇರಿದರೆ ಕಾಯುತ್ತದೆ. ಅದಕ್ಕಾಗಿಯೇ ಮಾಗಿಯ ಬೆಳಗನ್ನು ಆರಿಸಿಕೊಂಡೆವು. ಎರಡು ತಿಂಗಳಿನಿಂದ ದಿನವೂ ಬೆಳಿಗ್ಗೆ ಚೀಲವನ್ನು ಹೊತ್ತು ಲಾಲ್‌ಬಾಗಿನ ಬಂಡೆಯನ್ನು ಹತ್ತಿ ಇಳಿಯುತ್ತಿದ್ದೇನೆ. ಕೆಂಪೇಗೌಡನ ಗೋಪುರದ ಬಳಿ ವಾಯುಸೇವನೆಗೆ ಬರುವವರು, “ಎಲ್ಲಿಗೆ ಪ್ರಯಾಣ, ಸಾರ್?” ಎಂದು ದಿನವೂ ಕೇಳುತ್ತಾರೆ.

ದುರ್ಗದ ಸುತ್ತ ಇರುವುದು ಕಾಯ್ದಿಟ್ಟ ಅರಣ್ಯ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ನಿಸ್ತಂತು ಪರವಾನಗಿಯನ್ನೂ, ಸ್ಥಳದ ವಿಷಯದಲ್ಲಿ ಅದು ವಿಧಿಸುವ ನಿಬಂಧನೆಗಳನ್ನೂ ಓದಿಕೊಂಡು, ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಉದ್ದವಾದ ಕೋಲನ್ನೂ ತಂತಿಯನ್ನೂ ಕಂಡು ಕಾವಲಿನವರು ಪ್ರಶ್ನಿಸಿದರೆ ಅದು ಅವರ ಕರ್ತವ್ಯ. ನೆತ್ತಿಯ ಮೇಲೊಂದು ನಂದಿಯ ಮಂಟಪವಿದೆ. ಅದರ ಕಂಬಗಳಿಗೆ ತಂತಿ ಕಟ್ಟುವುದಾಗಲಿ, ನಮ್ಮ ದಾರ ದರ್ಶನಕ್ಕೆ ಬಂದವರ ಕಾಲಿಗೆ ತೊಡರುವುದಾಗಲಿ ಆಗಕೂಡದು.

ಒಂಟಿಯಾಗಿ ಹೋಗುವುದೂ ಸಲ್ಲದು. ಪಕ್ಕದ ಮನೆಯ ಇಬ್ಬರು ಕಾಲೇಜು ಹುಡುಗರು ಜೊತೆಯಲ್ಲಿ ಬರುತ್ತಾರೆ. ತಲೆಗೆ ಮೂರು ಲೀಟರ್ ನೀರು. ಮೋಡ ಕಟ್ಟಿ ಗುಡುಗಿನ ಸದ್ದು ಕೇಳಿದರೆ, ಮಾತು ಅರ್ಧದಲ್ಲಿದ್ದರೂ ತಂತಿ ಬಿಚ್ಚಿ ಇಳಿಯಬೇಕು. ಬೋಳು ಬಂಡೆಯ ತುದಿಯಲ್ಲಿ ಕೋಲು ನೆಟ್ಟು ಕುಳಿತವನಿಗಿಂತ ಒಳ್ಳೆಯ ಗುರಿ ಸಿಡಿಲಿಗೆ ಸಿಕ್ಕದು. ಮೇಷ್ಟ್ರು ಹಾಕಿದ ಗಡುವೂ ಒಂದುಂಟು: ಯಾರಾದರೂ ಸಿಕ್ಕಲಿ, ಯಾರೂ ಸಿಕ್ಕದಿರಲಿ, ಹನ್ನೊಂದೂವರೆಗೆ ಇಳಿಯಲು ತೊಡಗಬೇಕು. “ಮೂಕನಾಗಿ ಇಳಿದರೂ ಚಿಂತೆಯಿಲ್ಲ, ಮುರಿದುಕೊಂಡು ಇಳಿಯಬೇಡ. ಬೆಟ್ಟ ಮುಂದಿನ ವಾರವೂ ಅಲ್ಲೇ ಇರುತ್ತದೆ” ಎಂದರು.

ಭಾನುವಾರದ ಏರ್ಪಾಡು

ಇಂದು ಗುರುವಾರ. ಚೀಲ ನಡುಮನೆಯ ಮೂಲೆಯಲ್ಲಿ ಒರಗಿ ಕುಳಿತಿದೆ. ನೀರು ತುಂಬಿದ ಮೇಲೆ 8.5 ಕಿಲೋ. ಭಾನುವಾರ ಬೆಳಿಗ್ಗೆ 5ಕ್ಕೆ ಮನೆ ಬಿಟ್ಟು, 7ರ ಸುಮಾರಿಗೆ ಏರತೊಡಗಿ, 9ರ ಹೊತ್ತಿಗೆ ನೆತ್ತಿಯನ್ನು ಸೇರಬೇಕು. ಸರಿಯಾಗಿ ಒಂಬತ್ತೂವರೆಗೆ, ಅಂದರೆ ಹವ್ಯಾಸಿಗಳ ಅಂತರರಾಷ್ಟ್ರೀಯ ಲೆಕ್ಕದಲ್ಲಿ 4 ಗಂಟೆಗೆ, ಪೂರ್ವಕ್ಕೆ ಮುಖ ಮಾಡಿ ಮೊದಲ ಕರೆಯನ್ನು ಕೊಡುತ್ತೇನೆ. ಆ ಹೊತ್ತಿಗೆ ಮೇಷ್ಟ್ರು ತಮ್ಮ ತಾರಸಿಯ ಮೇಲೆ ಪಶ್ಚಿಮಕ್ಕೆ ಕುರ್ಚಿ ಹಾಕಿಸಿಕೊಂಡು ಕುಳಿತಿರುತ್ತಾರೆ. ಮೆಟ್ಟಿಲು ಹತ್ತಲು ಅವರಿಗೆ ಕಾಲು ಗಂಟೆ ಬೇಕು. ಒಂಬತ್ತಕ್ಕೇ ಹೊರಡುವುದಾಗಿ ಮೊಮ್ಮಗಳಿಗೆ ಹೇಳಿಟ್ಟಿದ್ದಾರೆ.

ನಿನ್ನೆ ಸಂಜೆ ಅವರು ನನ್ನನ್ನು ಕರೆಸಿಕೊಂಡು ಕಾಗದದ ಸಣ್ಣ ಪೊಟ್ಟಣವೊಂದನ್ನು ಕೊಟ್ಟರು. ಬಿಚ್ಚಿದರೆ ಒಳಗೆ ತಂತಿಯನ್ನು ಕಚ್ಚಿ ಹಿಡಿಯುವ ಎರಡು ಕ್ಲಿಪ್ಪುಗಳು. ಮೊಸಳೆಯ ಬಾಯಿಯಂಥವು, ಮಕ್ಕಳ ವಿಜ್ಞಾನ ಪ್ರಯೋಗಕ್ಕೆ ಕೊಳ್ಳುತ್ತಾರಲ್ಲ, ಅಂಥವು. “ಅಂದು ಇಂಥದೊಂದು ನನ್ನ ಜೇಬಿನಲ್ಲಿ ಇದ್ದಿದ್ದರೆ ಸಾಕಾಗಿತ್ತು ಕಣಯ್ಯಾ” ಎಂದರು. ಚೀಲದಿಂದ ಅಷ್ಟೊಂದು ಸಾಮಾನನ್ನು ಹೊರಗೆ ಹಾಕಿಸಿದವರು ತಾವಾಗಿ ಒಳಗೆ ಸೇರಿಸಿದ ವಸ್ತು ಇದೊಂದೇ. ಪಟ್ಟಿಯ ಕೊನೆಯಲ್ಲಿ ಅದನ್ನೂ ಬರೆದುಕೊಂಡೆ.

ಈ ಲೇಖನ ಅಚ್ಚಾಗಿ ನಿಮ್ಮ ಕೈ ಸೇರುವ ವೇಳೆಗೆ ಆ ಭಾನುವಾರ ಕಳೆದಿರುತ್ತದೆ. ವಾಚಕರಲ್ಲಿ ಯಾರಿಗಾದರೂ ಇದನ್ನು ಓದಿ ಆಸೆ ಹುಟ್ಟಿದ್ದರೆ, ಬೆಟ್ಟಕ್ಕಿಂತ ಮೊದಲು ತಾರಸಿಯನ್ನು ಹತ್ತಿ ನೋಡಿರಿ, ಪೆನ್ಸಿಲ್ಲನ್ನು ಮರೆಯಬೇಡಿರಿ.